ದೂರದಿಂದ ಖರೀದಿಸಿದ ವಜ್ರಾಭರಣಗಳ ಪರೀಕ್ಷೆ, ಮೌಲ್ಯಮಾಪನ ಮತ್ತು ವಿಮೆ: ಗ್ರಾಹಕರಿಗೆ ಮಾಹಿತಿ

ಅಂಗಡಿಗೆ ಹೋಗದೆ ಅಂತರ್ಜಾಲ, ದೂರವಾಣಿ ಅಥವಾ ಮೊಬೈಲ್ ಆ್ಯಪ್ ಮೂಲಕ ವಜ್ರದ ಆಭರಣಗಳನ್ನು ತರಿಸಿಕೊಳ್ಳುವ ಗ್ರಾಹಕರು, ಆಭರಣವು ಕೈಸೇರಿದ ನಂತರ ಅದನ್ನು ಪರೀಕ್ಷಿಸಿಕೊಳ್ಳುವ, ಮೌಲ್ಯಮಾಪನ ಮಾಡಿಸುವ ಹಾಗೂ ವಿಮೆಗೆ ಒಳಪಡಿಸುವ ವಿಧಾನವನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಕಾಮಾಕ್ಷಿಪಾಳ್ಯ ಮತ್ತು ಅದಕ್ಕೆ ಹೊಂದಿಕೊಂಡಿರುವ ರಾಜಾಜಿನಗರ, ಬಸವೇಶ್ವರನಗರ ಹಾಗೂ ವಿಜಯನಗರ ಬಡಾವಣೆಗಳ ನಿವಾಸಿಗಳು ಸಂಪರ್ಕಿಸಬೇಕಾದ ಕಚೇರಿಗಳ ವಿವರವನ್ನು ಆಯಾ ಸ್ಥಳದಲ್ಲಿ ನೀಡಲಾಗಿದೆ.

ಈ ಮೂರೂ ಕಾರ್ಯಗಳಿಗೆ ಒಂದು ಕ್ರಮವಿದೆ. ಮಾರಾಟಗಾರರು ಆಭರಣವನ್ನು ಹಿಂದಕ್ಕೆ ಪಡೆಯಲು ನಿಗದಿಪಡಿಸಿರುವ ಅವಧಿಯೊಳಗೆ ಪರೀಕ್ಷೆಯು ಪೂರ್ಣಗೊಳ್ಳಬೇಕು. ಪರೀಕ್ಷೆಯಲ್ಲಿ ಕಂಡುಬಂದ ವಿವರಗಳ ಆಧಾರದ ಮೇಲೆ ಮೌಲ್ಯಮಾಪನ ನಡೆಯಬೇಕು. ಸದರಿ ಮೌಲ್ಯಮಾಪನ ಪತ್ರದ ಆಧಾರದ ಮೇಲೆ ವಿಮೆ ಪಡೆಯಬೇಕು. ಆದರೆ ಅನೇಕ ಗ್ರಾಹಕರು ಆಭರಣವನ್ನು ಮೊದಲು ಮದುವೆಗೋ ಗೃಹಪ್ರವೇಶಕ್ಕೋ ಧರಿಸಿ, ಕೆಲವು ತಿಂಗಳ ನಂತರ ಸಂಶಯ ಬಂದಾಗ ಮಾತ್ರ ಪರೀಕ್ಷೆಗೆ ಒಯ್ಯುವುದುಂಟು. ಆ ವೇಳೆಗೆ ಹಿಂತಿರುಗಿಸುವ ಅವಧಿ ಮುಗಿದಿರುತ್ತದೆ. ಅಲ್ಲದೆ, ದೋಷವು ಮಾರಾಟದ ಸಮಯದಲ್ಲಿಯೇ ಇತ್ತೆಂದು ತೋರಿಸುವ ಹೊಣೆಯೂ ಗ್ರಾಹಕರ ಮೇಲೆ ಬೀಳುತ್ತದೆ.

ಸರ್ಕಾರಿ ಕಚೇರಿಗಳಲ್ಲಿ ದೊರೆಯದ ಸೇವೆಗಳು

ಖಾಸಗಿ ವ್ಯಕ್ತಿಗಳ ಆಭರಣಗಳಿಗೆ ಮೌಲ್ಯದ ದೃಢೀಕರಣ ಪತ್ರ ನೀಡುವ ಸೇವೆಯು ನಾಡಕಚೇರಿ, ತಹಶೀಲ್ದಾರರ ಕಚೇರಿ ಅಥವಾ ಬೆಂಗಳೂರು ಒನ್ ಕೇಂದ್ರಗಳಲ್ಲಿ ಇರುವುದಿಲ್ಲ. ಅದೇ ರೀತಿ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಕಾರ್ಯವ್ಯಾಪ್ತಿಯು ರಾಜ್ಯ ಸರ್ಕಾರಿ ನೌಕರರ ಜೀವ ವಿಮೆ ಹಾಗೂ ಸರ್ಕಾರಿ ವಾಹನಗಳ ವಿಮೆಗೆ ಸಂಬಂಧಿಸಿದ್ದು, ಸಾರ್ವಜನಿಕರ ಆಭರಣಗಳಿಗೆ ಅಲ್ಲಿ ವಿಮೆ ನೀಡಲಾಗುವುದಿಲ್ಲ. ಆಭರಣಗಳ ವಿಮೆಯನ್ನು ಸಾಮಾನ್ಯ ವಿಮಾ ಕಂಪನಿಗಳಿಂದಲೇ ಪಡೆಯಬೇಕು. ನ್ಯೂ ಇಂಡಿಯಾ, ನ್ಯಾಷನಲ್, ಓರಿಯಂಟಲ್ ಮತ್ತು ಯುನೈಟೆಡ್ ಇಂಡಿಯಾ ಎಂಬ ನಾಲ್ಕು ಕಂಪನಿಗಳು ಸಾರ್ವಜನಿಕ ವಲಯಕ್ಕೆ ಸೇರಿದವು. ಉಳಿದವು ಖಾಸಗಿ ವಲಯದವು.

ಮೂರು ದಾಖಲೆಗಳು, ಮೂರು ಉದ್ದೇಶಗಳು

ವಜ್ರಾಭರಣದೊಂದಿಗೆ ಬರುವ ಕಾಗದಗಳೆಲ್ಲವನ್ನೂ ಗ್ರಾಹಕರು ಒಟ್ಟಾಗಿ ‘ಸರ್ಟಿಫಿಕೇಟ್’ ಎಂದು ಕರೆಯುವುದು ವಾಡಿಕೆ. ವಿಮೆಯ ಪರಿಹಾರ ಕೋರುವ ಸಂದರ್ಭದಲ್ಲಿ ಉಂಟಾಗುವ ಅನೇಕ ತೊಂದರೆಗಳಿಗೆ ಈ ವಾಡಿಕೆಯೇ ಮೂಲ. ವಾಸ್ತವವಾಗಿ ಮೂರು ಬೇರೆ ಬೇರೆ ದಾಖಲೆಗಳಿದ್ದು, ಒಂದು ಮತ್ತೊಂದರ ಸ್ಥಾನವನ್ನು ತುಂಬಲಾರದು.

ಮೊದಲನೆಯದು ಬಿಲ್ಲು. ಹಾಲ್‌ಮಾರ್ಕ್ ಹೊಂದಿರುವ ಆಭರಣದ ಬಿಲ್ಲಿನಲ್ಲಿ ಆಭರಣದ ವಿವರ, ಚಿನ್ನದ ನಿವ್ವಳ ತೂಕ, ಚಿನ್ನದ ಶುದ್ಧತೆ ಹಾಗೂ ಹಾಲ್‌ಮಾರ್ಕ್ ಶುಲ್ಕವನ್ನು ಪ್ರತ್ಯೇಕವಾಗಿ ನಮೂದಿಸತಕ್ಕದ್ದು. ‘ಡೈಮಂಡ್ ರಿಂಗ್, 1 ನಗ’ ಎಂದಷ್ಟೇ ಬರೆದ ಬಿಲ್ಲು ಸಾಲದು. ವಜ್ರಗಳ ಸಂಖ್ಯೆ, ತೂಕ ಮತ್ತು ಬೆಲೆಯನ್ನೂ ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೋರಿಸುವಂತೆ ಖರೀದಿಯ ಸಮಯದಲ್ಲಿಯೇ ಕೇಳಿಕೊಳ್ಳುವುದು ಸೂಕ್ತ.

ಎರಡನೆಯದು ರತ್ನ ಪರೀಕ್ಷಾಲಯದ ವರದಿ. 1931ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಜಿಐಎ, 1975ರಲ್ಲಿ ಆಂಟ್‌ವರ್ಪ್ ನಗರದಲ್ಲಿ ಸ್ಥಾಪಿತವಾದ ಐಜಿಐ ಮುಂತಾದ ಸಂಸ್ಥೆಗಳು ಈ ವರದಿಗಳನ್ನು ನೀಡುತ್ತವೆ. ವಜ್ರದ ತೂಕ, ಬಣ್ಣ, ನಿರ್ಮಲತೆ, ಕಡಿತದ ಗುಣಮಟ್ಟ ಹಾಗೂ ಅದು ನೈಸರ್ಗಿಕವೋ ಪ್ರಯೋಗಾಲಯದಲ್ಲಿ ಬೆಳೆಸಿದ್ದೋ ಎಂಬುದನ್ನು ವರದಿಯು ತಿಳಿಸುತ್ತದೆ. ಇಂತಹ ಶ್ರೇಣೀಕರಣ ವರದಿಯಲ್ಲಿ ಬೆಲೆಯ ಉಲ್ಲೇಖವಿರುವುದಿಲ್ಲ.

ಮೂರನೆಯದು ಮೌಲ್ಯಮಾಪನ ಪತ್ರ. ನಿರ್ದಿಷ್ಟ ದಿನಾಂಕದಂದು, ನಿರ್ದಿಷ್ಟ ಉದ್ದೇಶಕ್ಕಾಗಿ ಆಭರಣದ ಬೆಲೆ ಎಷ್ಟು ಎಂಬುದನ್ನು ತಿಳಿಸುವ ದಾಖಲೆ ಇದೊಂದೇ. ವಿಮಾ ಕಂಪನಿಗಳು ಕೇಳುವುದು ಇದನ್ನೇ.

ಇದೇ ಸಂದರ್ಭದಲ್ಲಿ ಒಂದು ಪದದ ಬಗ್ಗೆ ಸ್ಪಷ್ಟನೆ ಅಗತ್ಯ. ಕನ್ನಡದಲ್ಲಿ ‘ಕ್ಯಾರಟ್’ ಎಂದು ಒಂದೇ ರೀತಿ ಬರೆಯುವ ಪದಕ್ಕೆ ಎರಡು ಅರ್ಥಗಳಿವೆ. ಚಿನ್ನದ ವಿಷಯದಲ್ಲಿ ಅದು ಶುದ್ಧತೆಯ ಅಳತೆ: 24 ಭಾಗಗಳಲ್ಲಿ 18 ಭಾಗ ಚಿನ್ನವಿದ್ದರೆ 18 ಕ್ಯಾರಟ್, ಅಂದರೆ 1000ಕ್ಕೆ 750. ವಜ್ರದ ವಿಷಯದಲ್ಲಿ ಅದು ತೂಕದ ಅಳತೆ: 1 ಕ್ಯಾರಟ್ ಎಂದರೆ 200 ಮಿಲಿಗ್ರಾಂ, ಅದರ ನೂರನೆಯ ಒಂದು ಭಾಗ 1 ಸೆಂಟ್. ವಜ್ರಾಭರಣಗಳನ್ನು ಬಹುತೇಕ 18 ಅಥವಾ 14 ಕ್ಯಾರಟ್ ಚಿನ್ನದಲ್ಲಿ ತಯಾರಿಸಲಾಗುತ್ತದೆ, ಏಕೆಂದರೆ 22 ಕ್ಯಾರಟ್ ಚಿನ್ನವು ಮೃದುವಾಗಿದ್ದು ಹರಳನ್ನು ಭದ್ರವಾಗಿ ಹಿಡಿದಿಡುವುದಿಲ್ಲ. ಆದ್ದರಿಂದ ವಜ್ರದ ಉಂಗುರದಲ್ಲಿ 750 ಎಂಬ ಗುರುತನ್ನು ಕಂಡು ಚಿನ್ನದಲ್ಲಿ ಮೋಸವಾಗಿದೆಯೆಂದು ಭಾವಿಸಬೇಕಾಗಿಲ್ಲ.

ಆಭರಣ ಕೈಸೇರಿದ ದಿನ

ಕಾಮಾಕ್ಷಿಪಾಳ್ಯದಂತಹ ಪ್ರದೇಶದಲ್ಲಿ ಹಗಲಿನ ವೇಳೆ ಮನೆಯವರೆಲ್ಲರೂ ಕಾರ್ಖಾನೆ, ಗಾರ್ಮೆಂಟ್ಸ್ ಅಥವಾ ಕಚೇರಿಗಳಿಗೆ ತೆರಳಿರುವುದು ಸಾಮಾನ್ಯ. ಪಾರ್ಸೆಲ್ಲನ್ನು ಮನೆಯ ಮಾಲೀಕರಿಗೋ ಪಕ್ಕದ ವರ್ಕ್‌ಶಾಪಿನವರಿಗೋ ಕೊಟ್ಟುಹೋಗುವಂತೆ ದೂರವಾಣಿಯಲ್ಲಿ ಹೇಳುವ ಪದ್ಧತಿಯು ಅಕ್ಕಿ, ಬಟ್ಟೆಗಳ ವಿಷಯದಲ್ಲಿ ನಡೆಯಬಹುದು. ವಜ್ರಾಭರಣದ ವಿಷಯದಲ್ಲಿ ಸಲ್ಲದು. ಸಾಗಣೆಯ ಅವಧಿಯ ವಿಮೆಯನ್ನು ಮಾರಾಟಗಾರರು ಮಾಡಿಸಿದ್ದಲ್ಲಿ ಅದು ಸಾಮಾನ್ಯವಾಗಿ ಪಾರ್ಸೆಲ್ ಹಸ್ತಾಂತರವಾದೊಡನೆ ಕೊನೆಗೊಳ್ಳುತ್ತದೆ. ಪಡೆದವರು ಯಾರೇ ಆಗಿರಲಿ, ಓಟಿಪಿ ಹೇಳಿ ಪಡೆದ ಕ್ಷಣದಿಂದ ಜವಾಬ್ದಾರಿ ಗ್ರಾಹಕರದ್ದಾಗುತ್ತದೆ. ಮನೆಯಲ್ಲಿ ತಾವೇ ಇರುವ ದಿನವನ್ನು ಗೊತ್ತುಪಡಿಸಿಕೊಳ್ಳುವುದು ಉತ್ತಮ.

ಪಾರ್ಸೆಲ್ಲಿನ ಹೊರಮುದ್ರೆ ಹರಿದಿದ್ದರೆ ಅಥವಾ ಅಂಟುಪಟ್ಟಿ ಎರಡು ಬಾರಿ ಹಚ್ಚಿದಂತಿದ್ದರೆ ಸ್ವೀಕರಿಸದೆ ಹಿಂತಿರುಗಿಸಬಹುದು. ಸ್ವೀಕರಿಸಿದಲ್ಲಿ, ಮುದ್ರೆ ಒಡೆಯುವ ಮೊದಲಿನಿಂದ ಆಭರಣವನ್ನು ತೂಕ ಮಾಡುವವರೆಗೆ ಎಡೆಬಿಡದ ಒಂದೇ ವಿಡಿಯೋ ಚಿತ್ರೀಕರಿಸತಕ್ಕದ್ದು. ಇಂತಹ ಚಿತ್ರೀಕರಣವನ್ನು ಯಾವ ಕಾನೂನೂ ಕಡ್ಡಾಯಗೊಳಿಸಿಲ್ಲ. ಆದರೆ ‘ಪೆಟ್ಟಿಗೆಯಲ್ಲಿ ಇದ್ದದ್ದೇ ಬೇರೆ’ ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಾಮಾನ್ಯ ಗ್ರಾಹಕರ ಬಳಿ ಬೇರೆ ಇರುವುದಿಲ್ಲ. ವಿಡಿಯೋದ ಮೂಲ ಪ್ರತಿಯನ್ನು ಚಿತ್ರೀಕರಿಸಿದ ಮೊಬೈಲ್‌ನಲ್ಲಿಯೇ ಉಳಿಸಿಕೊಳ್ಳಬೇಕು.

ಮನೆಯಲ್ಲಿಯೇ ಮಾಡಬಹುದಾದ ಮೊದಲ ಪರೀಕ್ಷೆ ತೂಕದ ಲೆಕ್ಕ. ಉದಾಹರಣೆಗೆ, ಕಾಮಾಕ್ಷಿಪಾಳ್ಯದ ಬಾಡಿಗೆ ಮನೆಯೊಂದರಲ್ಲಿ ವಾಸಿಸುವ ಗ್ರಾಹಕರೊಬ್ಬರು 1,40,000 ರೂಪಾಯಿ ಬೆಲೆಯ ಉಂಗುರ ತರಿಸಿದ್ದಾರೆಂದು ಭಾವಿಸೋಣ. ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ 4.20 ಗ್ರಾಂ, ವಜ್ರ 50 ಸೆಂಟ್ ಎಂದಿದೆ. 50 ಸೆಂಟ್ ಎಂದರೆ ಅರ್ಧ ಕ್ಯಾರಟ್, ಅಂದರೆ 100 ಮಿಲಿಗ್ರಾಂ ಅಥವಾ 0.10 ಗ್ರಾಂ. ಹಾಗಾದರೆ ಉಂಗುರದ ಒಟ್ಟು ತೂಕ 4.30 ಗ್ರಾಂ ಇರಬೇಕು. ತೂಕದ ಯಂತ್ರದಲ್ಲಿ 4.05 ಗ್ರಾಂ ಬಂದರೆ ಚಿನ್ನವೋ ಹರಳೋ ಕಡಿಮೆಯಿದೆಯೆಂದೇ ಅರ್ಥ. ಬಡಾವಣೆಯ ಯಾವುದೇ ಆಭರಣ ಅಂಗಡಿಯಲ್ಲಿ ಈ ತೂಕ ಮಾಡಿಸಬಹುದು. ಯಂತ್ರದ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಚಾಲ್ತಿ ಅವಧಿಯ ಸತ್ಯಾಪನಾ ಮುದ್ರೆ ಇರುವುದನ್ನು ನೋಡಿಕೊಳ್ಳಬೇಕು. ಎಲೆಕ್ಟ್ರಾನಿಕ್ ತೂಕದ ಯಂತ್ರಗಳಿಗೆ ಈ ಮುದ್ರೆಯನ್ನು ಪ್ರತಿ 12 ತಿಂಗಳಿಗೊಮ್ಮೆ ಹಾಕಿಸತಕ್ಕದ್ದು.

ಚಿನ್ನದ ಪರೀಕ್ಷೆ

ಚಿನ್ನಾಭರಣಗಳಿಗೆ ಹಾಲ್‌ಮಾರ್ಕ್ ಪದ್ಧತಿಯು 2000ದಲ್ಲಿ ಆರಂಭಗೊಂಡು, ದಿನಾಂಕ 23-06-2021ರಿಂದ ದೇಶದ 256 ಜಿಲ್ಲೆಗಳಲ್ಲಿ ಕಡ್ಡಾಯಗೊಂಡು, ನಂತರ ಹಂತ ಹಂತವಾಗಿ ವಿಸ್ತರಿಸಲ್ಪಟ್ಟಿದೆ. ದಿನಾಂಕ 01-04-2023ರಿಂದ ಆರು ಅಕ್ಷರ-ಅಂಕಿಗಳ ವಿಶಿಷ್ಟ ಗುರುತಿನ ಸಂಖ್ಯೆ, ಅಂದರೆ ಎಚ್‌ಯುಐಡಿ ಇರುವ ಹಾಲ್‌ಮಾರ್ಕನ್ನೇ ಮಾನ್ಯ ಮಾಡಲಾಗುತ್ತಿದೆ. ಆಭರಣದ ಮೇಲೆ ಮೂರು ಗುರುತುಗಳಿರಬೇಕು: ಬಿಐಎಸ್ ಲಾಂಛನ, ಶುದ್ಧತೆ (ಉದಾಹರಣೆಗೆ 18 ಕೆ 750) ಮತ್ತು ಎಚ್‌ಯುಐಡಿ. ಉಂಗುರದಲ್ಲಿ ಇವು ಒಳಮೈಯಲ್ಲಿ ಕಂಡುಬರುತ್ತವೆ. ಎರಡು ಗ್ರಾಂಗಿಂತ ಕಡಿಮೆ ತೂಕದ ಆಭರಣಗಳಿಗೆ ಹಾಗೂ ಕುಂದನ್, ಪೋಲ್ಕಿ, ಜಡಾವು ಕೆಲಸದ ಆಭರಣಗಳಿಗೆ ಕಡ್ಡಾಯದಿಂದ ವಿನಾಯಿತಿ ಇದೆ. ವಜ್ರದ ಮೂಗುತಿಯಲ್ಲಿ ಹಾಲ್‌ಮಾರ್ಕ್ ಇಲ್ಲದಿರಲು ಇದೇ ಕಾರಣ.

‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಸದರಿ ಸಂಖ್ಯೆಯನ್ನು ನಮೂದಿಸಿದಲ್ಲಿ ಹಾಲ್‌ಮಾರ್ಕ್ ಹಾಕಿಸಿದ ಆಭರಣ ವ್ಯಾಪಾರಿಯ ನೋಂದಣಿ, ಪರೀಕ್ಷಾ ಕೇಂದ್ರ, ದಿನಾಂಕ, ಶುದ್ಧತೆ ಮತ್ತು ಆಭರಣದ ಬಗೆ ತೆರೆಯ ಮೇಲೆ ಬರುತ್ತವೆ. ಸಂಖ್ಯೆ ‘ಇದೆ’ ಎಂದು ತೃಪ್ತರಾಗದೆ ಆಭರಣದ ಬಗೆಯನ್ನು ಓದತಕ್ಕದ್ದು. ಕೈಯಲ್ಲಿರುವುದು ಉಂಗುರವಾಗಿದ್ದು ತೆರೆಯ ಮೇಲೆ ಕಿವಿಯೋಲೆ ಎಂದು ಬಂದರೆ ಆ ಸಂಖ್ಯೆ ಈ ಆಭರಣದ್ದಲ್ಲ.

ಸಂಶಯವಿದ್ದಲ್ಲಿ ಬಿಐಎಸ್ ಮಾನ್ಯತೆ ಪಡೆದ ಯಾವುದೇ ಪರೀಕ್ಷಾ ಮತ್ತು ಹಾಲ್‌ಮಾರ್ಕ್ ಕೇಂದ್ರದಲ್ಲಿ ಗ್ರಾಹಕರು ತಮ್ಮ ಆಭರಣವನ್ನು ಖುದ್ದಾಗಿ ಪರೀಕ್ಷೆ ಮಾಡಿಸಬಹುದು. ಶುಲ್ಕವು 4 ನಗಗಳವರೆಗೆ 200 ರೂಪಾಯಿ. 5 ಅಥವಾ ಹೆಚ್ಚಿನ ನಗಗಳಿದ್ದಲ್ಲಿ ಪ್ರತಿ ನಗಕ್ಕೆ 45 ರೂಪಾಯಿ. ನಗರದ ಚಿನ್ನದ ಸಗಟು ವ್ಯಾಪಾರ ಮತ್ತು ಕುಸುರಿ ಕೆಲಸವು ನಗರ್ತಪೇಟೆ, ಚಿಕ್ಕಪೇಟೆ, ಅವೆನ್ಯೂ ರಸ್ತೆಗಳ ಸುತ್ತ ಇರುವುದರಿಂದ ಅಂತಹ ಕೇಂದ್ರಗಳನ್ನು ಅಲ್ಲಿ ವಿಚಾರಿಸುವುದು ಅನುಕೂಲ. ಹೊಸಹಳ್ಳಿ ಮೆಟ್ರೋ ನಿಲ್ದಾಣದಿಂದ ಹೊರಟು ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಿಸಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ಮಾನ್ಯತೆಯ ಪಟ್ಟಿ ಬಿಐಎಸ್ ಜಾಲತಾಣದಲ್ಲಿದೆ. ಬಿಐಎಸ್‌ನ ಬೆಂಗಳೂರು ಶಾಖಾ ಕಚೇರಿಯು ತುಮಕೂರು ರಸ್ತೆಯ ಪೀಣ್ಯ ಕೈಗಾರಿಕಾ ಪ್ರದೇಶ 1ನೇ ಹಂತದಲ್ಲಿದೆ.

ಹಾಲ್‌ಮಾರ್ಕ್‌ನಲ್ಲಿ ತಿಳಿಸಿದ ಶುದ್ಧತೆಗಿಂತ ಚಿನ್ನ ಕಡಿಮೆಯಿದ್ದರೆ, ಬಿಐಎಸ್ ನಿಯಮಗಳು, 2018ರ ನಿಯಮ 49ರ ಪ್ರಕಾರ ಆ ಕೊರತೆಯ ಮೌಲ್ಯದ ಎರಡು ಪಟ್ಟು ಹಾಗೂ ಪರೀಕ್ಷಾ ಶುಲ್ಕ ಗ್ರಾಹಕರಿಗೆ ಸಲ್ಲಬೇಕು. ಮೇಲಿನ ಉಂಗುರವು 750 ಎಂದು ಮಾರಾಟವಾಗಿ 585 ಎಂದು ಕಂಡುಬಂದರೆ, 4.20 ಗ್ರಾಂ ತೂಕದಲ್ಲಿ 0.693 ಗ್ರಾಂ ಶುದ್ಧ ಚಿನ್ನದ ಕೊರತೆಯಾಗುತ್ತದೆ. ಅದರ ಬೆಲೆಯ ಎರಡರಷ್ಟನ್ನು ಕೇಳಬಹುದು.

ವಜ್ರದ ಪರೀಕ್ಷೆ

ಹಾಲ್‌ಮಾರ್ಕ್ ಚಿನ್ನದ ಬಗ್ಗೆ ಮಾತ್ರ ಹೇಳುತ್ತದೆ. ವಜ್ರದ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇರುವುದಿಲ್ಲ.

ಗಾಜಿನ ಮೇಲೆ ಗೀರಿ ನೋಡುವುದು, ನೀರಿನಲ್ಲಿ ಹಾಕಿ ನೋಡುವುದು, ಬಾಯಿಯ ಉಸಿರು ಊದಿ ಮಬ್ಬು ನೋಡುವುದು ಮುಂತಾದ ಮನೆಮದ್ದುಗಳನ್ನು ಅವಲಂಬಿಸಬಾರದು. ಕೃತಕ ಜಿರ್ಕೋನಿಯಾ ಹರಳು ಕೂಡ ಗಾಜನ್ನು ಗೀರುತ್ತದೆ. ಒರೆಗಲ್ಲು ಚಿನ್ನಕ್ಕೆ ಸರಿ. ಹರಳಿಗೆ ಅದರಿಂದ ಉಪಯೋಗವಿಲ್ಲ. ಅನೇಕ ಅಂಗಡಿಗಳಲ್ಲಿ ಲೇಖನಿಯಂತಿರುವ ಪರೀಕ್ಷಾ ಸಾಧನವನ್ನು ಹರಳಿಗೆ ತಾಗಿಸಿ, ಶಬ್ದ ಬಂದರೆ ವಜ್ರವೆಂದು ಹೇಳುವುದುಂಟು. ಇದು ಶಾಖ ಹರಿಯುವ ವೇಗವನ್ನು ಅಳೆಯುವ ಸಾಧನ. ಮಾಯ್ಸನೈಟ್ ಎಂಬ ಕೃತಕ ಹರಳು ಸಹ ವಜ್ರದಂತೆಯೇ ಶಾಖವನ್ನು ಹರಿಸುವುದರಿಂದ ಈ ಸಾಧನ ಅದನ್ನೂ ವಜ್ರವೆಂದೇ ತೋರಿಸಬಹುದು.

ಇದಕ್ಕಿಂತ ಗಂಭೀರವಾದದ್ದು ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರದ ವಿಷಯ. ರಾಸಾಯನಿಕವಾಗಿ ಅದೂ ವಜ್ರವೇ ಆಗಿದ್ದು, ಕಣ್ಣಿಗೆ, ಭೂತಕನ್ನಡಿಗೆ ಅಥವಾ ಶಾಖದ ಸಾಧನಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಅದನ್ನು ಮಾರುವುದು ಅಪರಾಧವಲ್ಲ. ನೈಸರ್ಗಿಕ ವಜ್ರವೆಂದು ಹೇಳಿ ಮಾರುವುದು ಮೋಸ. ಬೆಳೆಸಿದ ವಜ್ರಗಳ ಬೆಲೆ ನೈಸರ್ಗಿಕ ವಜ್ರಗಳಿಗಿಂತ ಬಹಳ ಕಡಿಮೆಯಿದ್ದು, ಇತ್ತೀಚಿನ ವರ್ಷಗಳಲ್ಲಿ ಮತ್ತಷ್ಟು ಇಳಿದಿದೆ. ಆದುದರಿಂದ ಜಾಹೀರಾತಿನಲ್ಲಿ ‘ಅಸಲಿ ವಜ್ರ’ ಎಂದಷ್ಟೇ ಇದ್ದಲ್ಲಿ ಅದರಿಂದ ಏನೂ ತೀರ್ಮಾನವಾಗುವುದಿಲ್ಲ. ‘ನೈಸರ್ಗಿಕ’ ಎಂಬ ಪದ ಬಿಲ್ಲಿನಲ್ಲಿಯೂ ವರದಿಯಲ್ಲಿಯೂ ಇರತಕ್ಕದ್ದು.

ಪರೀಕ್ಷಾಲಯದ ವರದಿಯ ಸಂಖ್ಯೆಯನ್ನು ಆಯಾ ಸಂಸ್ಥೆಯ ಜಾಲತಾಣದಲ್ಲಿ ನಮೂದಿಸಿ, ಅಲ್ಲಿನ ವಿವರವನ್ನು ಕೈಯಲ್ಲಿರುವ ಕಾಗದದೊಂದಿಗೆ ಹೋಲಿಸಬೇಕು. ಕಾಗದದ ಮೇಲೆ ಮುದ್ರಿತವಾದ ಕ್ಯೂಆರ್ ಸಂಕೇತವನ್ನು ಮಾತ್ರ ನಂಬಬಾರದು, ಏಕೆಂದರೆ ಅದು ಬೇರೆ ಜಾಲತಾಣಕ್ಕೂ ಕರೆದೊಯ್ಯಬಹುದು. ವರದಿಯು ನೈಜವೆಂದು ಗೊತ್ತಾದ ಮೇಲೂ ಆ ವರದಿ ಈ ಹರಳಿನದ್ದೇ ಎಂಬ ಪ್ರಶ್ನೆ ಉಳಿಯುತ್ತದೆ. ಅನೇಕ ವಜ್ರಗಳ ಅಂಚಿನ ಸುತ್ತುಪಟ್ಟಿಯ ಮೇಲೆ ವರದಿಯ ಸಂಖ್ಯೆಯನ್ನು ಲೇಸರ್‌ನಿಂದ ಬರೆದಿರುತ್ತಾರೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಕನ್ನಡಿಯಲ್ಲಿ ಅದನ್ನು ಓದಬಹುದು. ಹರಳನ್ನು ಹಿಡಿದಿರುವ ಕೊಕ್ಕೆಗಳ ಕೆಳಗೆ ಸಂಖ್ಯೆ ಮುಚ್ಚಿಹೋಗಿದ್ದಲ್ಲಿ ಉದ್ದ, ಅಗಲಗಳ ಮಿಲಿಮೀಟರ್ ಅಳತೆಯನ್ನು ಹೋಲಿಸಿ ನೋಡಬೇಕಾಗುತ್ತದೆ. ಹಿಂತಿರುಗಿಸುವ ಅವಧಿಯಲ್ಲಿ ಹರಳನ್ನು ಬಿಚ್ಚಿಸಬಾರದು. ಬಿಚ್ಚಿಸಿದಲ್ಲಿ ಮಾರಾಟಗಾರರು ಅದನ್ನೇ ಕಾರಣವಾಗಿಟ್ಟುಕೊಂಡು ಆಭರಣವನ್ನು ಹಿಂದಕ್ಕೆ ಪಡೆಯಲು ನಿರಾಕರಿಸಬಹುದು. ಚಿನ್ನದಲ್ಲಿ ಕೂರಿಸಿರುವ ಹರಳಿನ ತೂಕವನ್ನು ಅಳತೆಗಳಿಂದ ಅಂದಾಜು ಮಾಡಲಾಗುವುದರಿಂದ ಅಲ್ಪ ವ್ಯತ್ಯಾಸ ಸಹಜ.

ಮೌಲ್ಯಮಾಪನ

ಆದಾಯ ತೆರಿಗೆ ಇಲಾಖೆಯಲ್ಲಿ ಆಭರಣಗಳ ವರ್ಗದಡಿ ನೋಂದಾಯಿತರಾದ ಮೌಲ್ಯಮಾಪಕರಿಂದ ಪತ್ರ ಪಡೆಯುವುದು ಸೂಕ್ತ. ಈ ನೋಂದಣಿ ವ್ಯವಸ್ಥೆಯು ಸಂಪತ್ತು ತೆರಿಗೆ ಅಧಿನಿಯಮ, 1957ರಡಿ ಬಂದದ್ದು. 2015ರ ಹಣಕಾಸು ಅಧಿನಿಯಮದ ಮೂಲಕ ಆ ತೆರಿಗೆಯು ರದ್ದಾದ ನಂತರವೂ ನೋಂದಾಯಿತ ಮೌಲ್ಯಮಾಪಕರು ಮುಂದುವರಿದಿದ್ದಾರೆ. ವಿಮಾ ಕಂಪನಿಯು ಯಾರ ಪತ್ರವನ್ನು ಒಪ್ಪುತ್ತದೆ ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಕೇಳಿಕೊಂಡಲ್ಲಿ ಎರಡು ಬಾರಿ ಶುಲ್ಕ ತೆರುವುದು ತಪ್ಪುತ್ತದೆ. ಬ್ಯಾಂಕುಗಳಲ್ಲಿ ಚಿನ್ನದ ಸಾಲಕ್ಕಾಗಿ ಕುಳಿತಿರುವ ಅಪ್ರೈಸರ್‌ಗಳು ಹರಳಿನ ತೂಕವನ್ನು ಕಳೆದು ಚಿನ್ನಕ್ಕೆ ಮಾತ್ರ ಬೆಲೆ ಕಟ್ಟುವುದರಿಂದ ಅವರ ಚೀಟಿಯು ಈ ಉದ್ದೇಶಕ್ಕೆ ಬರುವುದಿಲ್ಲ. ಆಭರಣವನ್ನು ಮಾರಿದವರೇ ಮೌಲ್ಯಮಾಪನ ಪತ್ರವನ್ನೂ ಕೊಟ್ಟಿದ್ದರೆ ಅದನ್ನು ಸ್ವತಂತ್ರ ಅಭಿಪ್ರಾಯವೆಂದು ಪರಿಗಣಿಸಲಾಗದು.

ಪತ್ರದಲ್ಲಿ ಮಾಲೀಕರ ಹೆಸರು, ದಿನಾಂಕ, ‘ವಿಮೆಯ ಉದ್ದೇಶಕ್ಕಾಗಿ’ ಎಂಬ ನಮೂದು, ಒಟ್ಟು ತೂಕ, ಚಿನ್ನದ ನಿವ್ವಳ ತೂಕ ಮತ್ತು ಶುದ್ಧತೆ, ಎಚ್‌ಯುಐಡಿ, ಹರಳುಗಳ ಸಂಖ್ಯೆ, ಆಕಾರ, ಅಳತೆ, ಬಣ್ಣ ಮತ್ತು ನಿರ್ಮಲತೆ, ನೈಸರ್ಗಿಕವೇ ಬೆಳೆಸಿದ್ದೇ ಎಂಬುದು, ಪರೀಕ್ಷಾಲಯದ ವರದಿ ಸಂಖ್ಯೆ, ಅಂದಿನ ಚಿನ್ನದ ದರ, ಛಾಯಾಚಿತ್ರ ಹಾಗೂ ಮೌಲ್ಯಮಾಪಕರ ನೋಂದಣಿ ಸಂಖ್ಯೆ ಇರಬೇಕು. ಇವೆಲ್ಲದರ ಉದ್ದೇಶ ಒಂದೇ: ಆಭರಣವು ಇಲ್ಲದಿದ್ದಾಗಲೂ ಅದು ಹೇಗಿತ್ತೆಂದು ಓದುವವರಿಗೆ ತಿಳಿಯಬೇಕು.

ಹೆಚ್ಚು ಬೆಲೆ ಬರೆಸಿಕೊಳ್ಳುವುದರಿಂದ ಲಾಭವಿದೆಯೆಂಬ ನಂಬಿಕೆ ಸಾರ್ವಜನಿಕರಲ್ಲಿದೆ. ಕೆಲವು ಮಾರಾಟಗಾರರು ‘ಮೌಲ್ಯ 2,20,000, ನಿಮಗೆ 1,40,000’ ಎಂದು ಪತ್ರ ಲಗತ್ತಿಸಿ ಕಳುಹಿಸುವುದೂ ಇದೇ ನಂಬಿಕೆಯ ಬಲದಿಂದ. ವಿಮೆಯು ನಷ್ಟವನ್ನು ತುಂಬಿಕೊಡುವ ಒಪ್ಪಂದ. ಸಾಮಾನ್ಯ ಪಾಲಿಸಿಯಲ್ಲಿ ಕಂಪನಿಯು ಅಂತಹುದೇ ಆಭರಣವನ್ನು ಮತ್ತೆ ಕೊಳ್ಳಲು ತಗಲುವ ವೆಚ್ಚವನ್ನು ನೋಡುತ್ತದೆಯೇ ಹೊರತು ಪತ್ರದಲ್ಲಿನ ದೊಡ್ಡ ಮೊತ್ತವನ್ನಲ್ಲ. ಅಧಿಕ ಮೊತ್ತಕ್ಕೆ ಗ್ರಾಹಕರು ಪ್ರತಿ ವರ್ಷ ಅಧಿಕ ಪ್ರೀಮಿಯಂ ಕಟ್ಟಿದಂತಾಗುತ್ತದೆ, ಅಷ್ಟೆ. ಬಿಲ್ಲಿಗೂ ಪತ್ರಕ್ಕೂ ಬಹಳ ಅಂತರವಿದ್ದಲ್ಲಿ ಸರ್ವೇಯರ್ ಮೊದಲು ಕೇಳುವ ಪ್ರಶ್ನೆಯೂ ಅದೇ. ಇದಕ್ಕೆ ವಿರುದ್ಧವಾಗಿ, ಚಿನ್ನದ ದರ ಏರಿದಾಗ ಹಳೆಯ ಪತ್ರದ ಮೊತ್ತ ಸಾಲದಾಗುತ್ತದೆ. ಎರಡು ಮೂರು ವರ್ಷಗಳಿಗೊಮ್ಮೆ ಪತ್ರವನ್ನು ನವೀಕರಿಸುವುದು ಒಳ್ಳೆಯದು.

ವಿಮೆ

ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ ಆದೇಶದಂತೆ ದಿನಾಂಕ 01-04-2021ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಗೃಹ ವಿಮಾ ಪಾಲಿಸಿ ಜಾರಿಯಲ್ಲಿದೆ. ಕಟ್ಟಡಕ್ಕೆ ವಿಮೆ ಪಡೆದಲ್ಲಿ, ವಿಮಾ ಮೊತ್ತದ ಶೇಕಡ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯ ಸಾಮಾನುಗಳಿಗೂ ರಕ್ಷಣೆ ದೊರೆಯುತ್ತದೆ. ಬಾಡಿಗೆದಾರರು ಸಾಮಾನುಗಳಿಗೆ ಮಾತ್ರವೂ ಈ ಪಾಲಿಸಿ ಪಡೆಯಬಹುದು. ಇದನ್ನು ಪಡೆದವರು ಆಭರಣವೂ ಸೇರಿದೆಯೆಂದು ನಿಶ್ಚಿಂತರಾಗುವುದು ಸಹಜವಾದರೂ ತಪ್ಪು.

ಮೊದಲನೆಯದಾಗಿ, ಆಭರಣಗಳು ಸಾಮಾನ್ಯ ಸಾಮಾನುಗಳ ಪಟ್ಟಿಯಲ್ಲಿ ಬರುವುದಿಲ್ಲ. ಬೆಳ್ಳಿ ಸಾಮಾನು, ಕಲಾಕೃತಿಗಳಂತೆ ಅವೂ ‘ಬೆಲೆಬಾಳುವ ವಸ್ತುಗಳು’ ಎಂಬ ಐಚ್ಛಿಕ ರಕ್ಷಣೆಯಲ್ಲಿ, ಒಪ್ಪಿದ ಮೌಲ್ಯಕ್ಕೆ, ಪ್ರತ್ಯೇಕವಾಗಿ ಸೇರಬೇಕು. ಇದಕ್ಕೆ ಮೌಲ್ಯಮಾಪನ ಪತ್ರ ಬೇಕು. ಈ ರಕ್ಷಣೆಯ ಒಟ್ಟು ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದು, ಯಾವುದೇ ಒಂದು ನಗದ ಬೆಲೆ 1 ಲಕ್ಷ ರೂಪಾಯಿ ಮೀರದಿದ್ದಲ್ಲಿ ಪತ್ರದಿಂದ ವಿನಾಯಿತಿ ಇದೆ. ಮೇಲಿನ ಉದಾಹರಣೆಯ 1,40,000 ರೂಪಾಯಿಯ ಉಂಗುರಕ್ಕೆ ಈ ವಿನಾಯಿತಿ ಸಿಗುವುದಿಲ್ಲ. ಚಿನ್ನದಲ್ಲಿ ಕೂರಿಸದ ಬಿಡಿ ವಜ್ರವನ್ನು ಪಾಲಿಸಿಯಲ್ಲಿ ಸ್ಪಷ್ಟವಾಗಿ ಸೇರಿಸದ ಹೊರತು ಅದಕ್ಕೆ ರಕ್ಷಣೆಯೇ ಇರುವುದಿಲ್ಲ.

ಎರಡನೆಯದಾಗಿ, ಮತ್ತು ಇದು ಹೆಚ್ಚು ಮುಖ್ಯ, ಗೃಹ ರಕ್ಷಾ ಪಾಲಿಸಿಯು ಮೂಲತಃ ಬೆಂಕಿ, ನೆರೆ, ಭೂಕಂಪ ಮುಂತಾದ ಅವಘಡಗಳಿಗೆ ಸಂಬಂಧಿಸಿದ್ದು. ಕಳವಿಗೆ ಅದರಲ್ಲಿ ಪರಿಹಾರ ಸಿಗುವುದು, ಅಂತಹ ಅವಘಡದಿಂದಾಗಿ ಅದು ಸಂಭವಿಸಿದ 7 ದಿನಗಳೊಳಗೆ ಕಳವಾದಲ್ಲಿ ಮಾತ್ರ. ಮನೆಯವರು ಊರಿಗೆ ಹೋಗಿದ್ದಾಗ ಬೀಗ ಒಡೆದು ಬೀರುವಿನಿಂದ ಉಂಗುರ ಕದ್ದರೆ ಈ ಪಾಲಿಸಿಯಲ್ಲಿ ಪರಿಹಾರವಿಲ್ಲ. ಕನ್ನ ಕಳವಿನ ರಕ್ಷಣೆಯನ್ನು ಬೇರೆಯಾಗಿ ಪಡೆಯಬೇಕು. ಧರಿಸಿ ಹೊರಗೆ ಹೋದಾಗಿನ ಸರಗಳ್ಳತನ, ಪ್ರಯಾಣದಲ್ಲಿನ ನಷ್ಟಗಳಿಗೆ ಆಭರಣಗಳ ‘ಆಲ್ ರಿಸ್ಕ್’ ಪಾಲಿಸಿ ಬೇಕಾಗುತ್ತದೆ. ‘ಆಲ್’ ಎಂಬ ಪದವಿದ್ದರೂ ಅದರಲ್ಲಿ ಸಾಮಾನ್ಯವಾಗಿ ಸವೆತ, ದುರಸ್ತಿ ಅಥವಾ ತೊಳೆಯುವಾಗಿನ ಹಾನಿ, ಯಾರೂ ಇಲ್ಲದ ವಾಹನದಿಂದಾದ ಕಳವು ಸೇರಿರುವುದಿಲ್ಲ. ಕೊಕ್ಕೆ ಸವೆದು ಹರಳು ಉದುರಿದರೆ ಅದನ್ನು ಸವೆತವೆಂದೇ ಪರಿಗಣಿಸಲಾಗುತ್ತದೆ. ಮಾರಾಟಗಾರರು ‘ಒಂದು ವರ್ಷ ಉಚಿತ ವಿಮೆ’ ನೀಡಿದ್ದಲ್ಲಿ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ ಮತ್ತು ಷರತ್ತುಗಳನ್ನು ಬರವಣಿಗೆಯಲ್ಲಿ ಪಡೆದು ಇವೇ ಅಂಶಗಳನ್ನು ನೋಡಿಕೊಳ್ಳಬೇಕು.

ಪ್ರಸ್ತಾವನಾ ಪತ್ರವನ್ನು ಏಜೆಂಟರು ತುಂಬಿದರೂ ಅದರಲ್ಲಿನ ಹೇಳಿಕೆಗಳಿಗೆ ಸಹಿ ಮಾಡಿದವರೇ ಹೊಣೆ. ಕಾಮಾಕ್ಷಿಪಾಳ್ಯದ ಕೈಗಾರಿಕಾ ಭಾಗದಲ್ಲಿ ನೆಲಮಹಡಿಯಲ್ಲಿ ಲೇತ್, ಪ್ಲೇಟಿಂಗ್ ಮುಂತಾದ ಕೆಲಸದ ಘಟಕವಿದ್ದು ಮೇಲಿನ ಮಹಡಿಗಳಲ್ಲಿ ಕುಟುಂಬಗಳು ವಾಸಿಸುವ ಕಟ್ಟಡಗಳು ಇವೆ. ಇಂತಹ ಕಟ್ಟಡದ ನಿವಾಸಿಗಳು ‘ಕೇವಲ ವಾಸದ ಕಟ್ಟಡ’ ಎಂದು ಬರೆಯಬಾರದು. ಕೆಳಗೆ ಘಟಕವಿದೆಯೆಂದು ತಿಳಿಸಿದರೆ ಪ್ರೀಮಿಯಂ ಕೊಂಚ ಹೆಚ್ಚಾಗಬಹುದು. ತಿಳಿಸದಿದ್ದರೆ ಮುಖ್ಯ ಸಂಗತಿಯನ್ನು ಮರೆಮಾಚಿದರೆಂಬ ಕಾರಣಕ್ಕೆ ಪರಿಹಾರವೇ ನಿರಾಕೃತವಾಗಬಹುದು. ಮನೆಯಲ್ಲಿಯೇ ಸಣ್ಣ ಉದ್ದಿಮೆ ನಡೆಸುವವರಿಗೂ ಇದು ಅನ್ವಯಿಸುತ್ತದೆ.

ಬೇರೆ ಊರಿನಲ್ಲಿರುವ ಮಗನೋ ಮಗಳೋ ತಮ್ಮ ಹೆಸರಿನಲ್ಲಿ ಖರೀದಿಸಿ ತಾಯಿಯ ವಿಳಾಸಕ್ಕೆ ಕಳುಹಿಸಿದ ಆಭರಣವಾದಲ್ಲಿ, ವಿಮೆಯನ್ನು ತಾಯಿಯ ಹೆಸರಿನಲ್ಲಿ ಪಡೆಯಲು ಉಡುಗೊರೆಯ ಬಗ್ಗೆ ಸಹಿ ಮಾಡಿದ ಪತ್ರವನ್ನು ಬಿಲ್ಲಿನೊಂದಿಗೆ ಇಟ್ಟುಕೊಳ್ಳುವುದು ಸೂಕ್ತ. ಮೌಲ್ಯಮಾಪನ ಪತ್ರ ಬರುವವರೆಗಿನ ದಿನಗಳಿಗೆ ಬಿಲ್ಲಿನ ಆಧಾರದ ಮೇಲೆ ರಕ್ಷಣೆ ನೀಡುವರೇ ಎಂದು ಕಂಪನಿಯನ್ನು ವಿಚಾರಿಸಬಹುದು.

ಬ್ಯಾಂಕ್ ಲಾಕರ್ ಮತ್ತು ವಿಮೆ

ಲಾಕರ್‌ನಲ್ಲಿಟ್ಟ ಆಭರಣಕ್ಕೆ ಬ್ಯಾಂಕೇ ವಿಮೆ ಮಾಡಿಸಿರುತ್ತದೆ ಎಂಬುದು ಸರಿಯಲ್ಲ. ರಿಸರ್ವ್ ಬ್ಯಾಂಕಿನ ದಿನಾಂಕ 18-08-2021ರ ಸೂಚನೆಗಳು ದಿನಾಂಕ 01-01-2022ರಿಂದ ಜಾರಿಗೆ ಬಂದಿದ್ದು, ಬೆಂಕಿ, ಕಳವು, ದರೋಡೆ, ಕಟ್ಟಡ ಕುಸಿತ ಅಥವಾ ಬ್ಯಾಂಕ್ ನೌಕರರ ವಂಚನೆಯಿಂದ ನಷ್ಟವಾದಲ್ಲಿ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟು ಮಾತ್ರ. ವರ್ಷಕ್ಕೆ 3,000 ರೂಪಾಯಿ ಬಾಡಿಗೆಯ ಲಾಕರ್‌ಗೆ 3 ಲಕ್ಷ ರೂಪಾಯಿ. ಲಾಕರ್‌ನೊಳಗೆ ಏನಿದೆಯೆಂಬ ಲೆಕ್ಕ ಬ್ಯಾಂಕಿನಲ್ಲಿ ಇರುವುದಿಲ್ಲ. ಲಾಕರ್ ವಸ್ತುಗಳಿಗೆ ವಿಮೆ ಮಾರಲು ಬ್ಯಾಂಕಿಗೆ ಅನುಮತಿಯೂ ಇಲ್ಲ.

ಆಭರಣವು ಕಳವಾದಲ್ಲಿ

ತಡಮಾಡದೆ 112ಕ್ಕೆ ಕರೆ ಮಾಡಿ, ವ್ಯಾಪ್ತಿಯ ಪೊಲೀಸ್ ಠಾಣೆಯಲ್ಲಿ ದೂರು ನೀಡತಕ್ಕದ್ದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಕಲಂ 173ರಂತೆ ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯುವ ಹಕ್ಕು ದೂರುದಾರರಿಗಿದೆ. ದೂರಿನಲ್ಲಿ ‘ಒಂದು ವಜ್ರದ ಉಂಗುರ’ ಎಂದಷ್ಟೇ ಬರೆಯದೆ ತೂಕ, ಎಚ್‌ಯುಐಡಿ ಮತ್ತು ವರದಿ ಸಂಖ್ಯೆ ನಮೂದಿಸಿದರೆ ಆಭರಣ ಪತ್ತೆಯಾದಾಗ ಗುರುತಿಸಲು ಸುಲಭ. ವಿಮಾ ಕಂಪನಿಗೂ ಅದೇ ದಿನ ತಿಳಿಸಬೇಕು. ಪ್ರಾಧಿಕಾರದ 2024ರ ಸೂಚನೆಗಳಂತೆ ಸರ್ವೇಯರ್ ನೇಮಕಕ್ಕೆ 24 ಗಂಟೆ, ಅವರ ವರದಿಗೆ 15 ದಿನ, ವರದಿ ಬಂದ ಮೇಲೆ ಕಂಪನಿಯ ತೀರ್ಮಾನಕ್ಕೆ 7 ದಿನ ಗೊತ್ತುಪಡಿಸಲಾಗಿದೆ. ಆಭರಣ ಪತ್ತೆಯಾಗದಿದ್ದಲ್ಲಿ ಪೊಲೀಸರ ಅಂತಿಮ ವರದಿಯನ್ನು, ಅಂದರೆ ‘ಸಿ’ ರಿಪೋರ್ಟನ್ನು, ಕಂಪನಿಯು ಕೇಳಬಹುದು.

ದೂರುಗಳು

ಬಂದ ಆಭರಣವು ಜಾಹೀರಾತಿನಂತೆ ಇಲ್ಲದಿದ್ದಲ್ಲಿ ಅದನ್ನು ಹಿಂದಕ್ಕೆ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ ಎಂದು ಗ್ರಾಹಕರ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020 ಹೇಳುತ್ತವೆ. ಮಾರಾಟ ಜಾಲತಾಣದ ಕುಂದುಕೊರತೆ ಅಧಿಕಾರಿಯು ದೂರಿಗೆ 48 ಗಂಟೆಗಳಲ್ಲಿ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹರಿಸತಕ್ಕದ್ದು. ಬಿಲ್ಲಿನಲ್ಲಿ ಹಿಂತಿರುಗಿಸುವ ಅವಧಿಯನ್ನು ಹೇಳಿಯೇ ಇಲ್ಲದಿದ್ದರೆ ದೋಷಯುಕ್ತ ವಸ್ತುವಿಗೆ 30 ದಿನಗಳ ಅವಧಿ ಅನ್ವಯಿಸುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915. ಹಣ ಪಡೆದು ಆಭರಣ ಕಳುಹಿಸದೆ ಕಣ್ಮರೆಯಾದ ನಕಲಿ ಜಾಲತಾಣಗಳ ವಿಷಯದಲ್ಲಿ ಕೂಡಲೇ 1930ಕ್ಕೆ ಕರೆ ಮಾಡಬೇಕು.

ಮಾರಾಟಗಾರರು ಮುಂಬಯಿ ಅಥವಾ ಸೂರತ್‌ನಲ್ಲಿದ್ದರೂ ಗ್ರಾಹಕರು ಅಲ್ಲಿಗೆ ಹೋಗಬೇಕಾಗಿಲ್ಲ. ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರಂತೆ ದೂರುದಾರರು ವಾಸಿಸುವ ಅಥವಾ ಕೆಲಸ ಮಾಡುವ ಸ್ಥಳದ ಜಿಲ್ಲಾ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಕಾಮಾಕ್ಷಿಪಾಳ್ಯದ ನಿವಾಸಿಗಳಿಗೆ ಅದು ಬೆಂಗಳೂರು ನಗರ ಜಿಲ್ಲೆಯ ಆಯೋಗ. ಪಾವತಿಸಿದ ಬೆಲೆ 50 ಲಕ್ಷ ರೂಪಾಯಿವರೆಗಿನ ಪ್ರಕರಣಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಸೇರಿದ್ದು, 5 ಲಕ್ಷ ರೂಪಾಯಿವರೆಗೆ ಶುಲ್ಕವಿಲ್ಲ. ಕಾರಣ ಉಂಟಾದ ಎರಡು ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು. ಇ-ಜಾಗೃತಿ ಜಾಲತಾಣದ ಮೂಲಕವೂ ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ. ಹರಳಿನ ದೋಷವನ್ನು ಪರೀಕ್ಷೆಯಿಲ್ಲದೆ ತೀರ್ಮಾನಿಸಲಾಗದಿದ್ದಲ್ಲಿ ಆಯೋಗವು ಅದನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳುಹಿಸುತ್ತದೆ. ಆದ್ದರಿಂದ ದೂರು ಇತ್ಯರ್ಥವಾಗುವವರೆಗೆ ಆಭರಣವನ್ನು ಅಕ್ಕಸಾಲಿಗರಿಂದ ತಿದ್ದಿಸುವುದಾಗಲಿ, ಅಳತೆ ಬದಲಿಸುವುದಾಗಲಿ ಮಾಡಬಾರದು.

ವಿಮಾ ಕಂಪನಿಯ ತೀರ್ಮಾನದ ವಿರುದ್ಧ ಮೊದಲು ಆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದಲ್ಲಿ ಅಥವಾ ಉತ್ತರ ಒಪ್ಪಿಗೆಯಾಗದಿದ್ದಲ್ಲಿ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು. ಶುಲ್ಕವಿರುವುದಿಲ್ಲ. 50 ಲಕ್ಷ ರೂಪಾಯಿವರೆಗಿನ ಪರಿಹಾರದ ಪ್ರಕರಣಗಳನ್ನು ಅವರು ವಿಚಾರಣೆ ಮಾಡುತ್ತಾರೆ. ಬೆಂಗಳೂರು ಕಚೇರಿಯು ಜೆ.ಪಿ. ನಗರ 1ನೇ ಹಂತ, 24ನೇ ಮುಖ್ಯರಸ್ತೆಯ ಜೀವನ್ ಸೌಧ ಕಟ್ಟಡದಲ್ಲಿದೆ. ದೂರಿನೊಂದಿಗೆ ಪಾಲಿಸಿ, ಬಿಲ್ಲು, ಮೌಲ್ಯಮಾಪನ ಪತ್ರ, ಪ್ರಥಮ ವರ್ತಮಾನ ವರದಿ ಹಾಗೂ ಕಂಪನಿಯೊಂದಿಗಿನ ಪತ್ರವ್ಯವಹಾರದ ಪ್ರತಿಗಳನ್ನು ಲಗತ್ತಿಸತಕ್ಕದ್ದು. ಮೂಲ ದಾಖಲೆಗಳನ್ನು ಅಂಚೆಯಲ್ಲಿ ಕಳುಹಿಸಬಾರದು.